ಕನ್ನಡ ಚಿತ್ರರಂಗ ಮತ್ತು ಡಿಜಿಟಲ್ ತಂತ್ರಜ್ಞಾನ

ಕನ್ನಡ ಚಿತ್ರರಂಗದಲ್ಲಿ ಡಿಜಿಟಲ್ ತಂತ್ರಜ್ಞಾನದ ಬಳಕೆಯು ಚಿತ್ರೀಕರಣ, ಸಂಕಲನ, ವಿತರಣೆ, ಪ್ರದರ್ಶನ ಹಾಗೂ ಸಂರಕ್ಷಣೆಯ ಎಲ್ಲ ಹಂತಗಳನ್ನೂ ಬದಲಿಸಿದ ಪ್ರಕ್ರಿಯೆಯಾಗಿದೆ. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದಿಂದ ಆರಂಭಿಸಿ ಏಳು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಚಿತ್ರಗಳು ಸೆಲ್ಯುಲಾಯ್ಡ್ ಫಿಲ್ಮಿನ ಸುರುಳಿಗಳ ಮೇಲೆ ತಯಾರಾಗುತ್ತಿದ್ದವು. ಇಪ್ಪತ್ತೊಂದನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಫಿಲ್ಮಿನ ಸ್ಥಾನವನ್ನು ಡಿಜಿಟಲ್ ಕಡತಗಳು ಆಕ್ರಮಿಸಿದವು. ಇದೇ ಅವಧಿಯಲ್ಲಿ ದೂರದರ್ಶನ, ಬಾನುಲಿ ಮತ್ತು ಸಂಗೀತ ಕ್ಷೇತ್ರಗಳೂ ಡಿಜಿಟಲ್ ಸ್ವರೂಪಕ್ಕೆ ಹೊರಳಿದವು. ಅಂತರಜಾಲದ ಮೂಲಕ ಚಿತ್ರ ಮತ್ತು ಧಾರಾವಾಹಿಗಳನ್ನು ನೇರವಾಗಿ ವೀಕ್ಷಕರಿಗೆ ತಲುಪಿಸುವ ಒಟಿಟಿ ವೇದಿಕೆಗಳು ಕನ್ನಡಕ್ಕೆ ಹೊಸ ಮಾರುಕಟ್ಟೆಯನ್ನು ತೆರೆದಿವೆ. ಜೊತೆಗೆ ಸಣ್ಣ ಚಿತ್ರಗಳ ಅಳಿವು-ಉಳಿವಿನ ಪ್ರಶ್ನೆಯನ್ನೂ ಎತ್ತಿವೆ.

ಹಿನ್ನೆಲೆ

ಫಿಲ್ಮಿನ ಕಾಲದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರೀಕರಣ ನಡೆಯುತ್ತಿತ್ತು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುವುದರಿಂದ ಒಂದು ನಿಮಿಷದ ದೃಶ್ಯಕ್ಕೆ 90 ಅಡಿ ಫಿಲ್ಮು ಬೇಕಾಗುತ್ತಿತ್ತು. ಎರಡೂವರೆ ಗಂಟೆಯ ಚಿತ್ರದ ಒಂದು ಪ್ರತಿಯ ಉದ್ದ ಸುಮಾರು 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. ಚಿತ್ರೀಕರಣದಲ್ಲಿ ಬಳಕೆಯಾಗುತ್ತಿದ್ದ ಕಚ್ಚಾ ಫಿಲ್ಮು ಇದರ ಹಲವು ಪಟ್ಟು ಇರುತ್ತಿತ್ತು. ಈ ಕಾರಣದಿಂದ ನಟರು ಮರು ಟೇಕ್ ಕೇಳುವುದು ನಿರ್ಮಾಪಕರಿಗೆ ನೇರ ಖರ್ಚಿನ ಬಾಬತ್ತಾಗಿತ್ತು. ನೆಗೆಟಿವ್‌ಗಳ ಸಂಸ್ಕರಣೆಗಾಗಿ ಕನ್ನಡದ ನಿರ್ಮಾಪಕರು ಬಹುಕಾಲ ಮದ್ರಾಸಿನ ಲ್ಯಾಬ್‌ಗಳನ್ನು ಅವಲಂಬಿಸಿದ್ದರು.

ವಿತರಣೆಯ ಕೇಂದ್ರ ಬೆಂಗಳೂರಿನ ಗಾಂಧಿನಗರವಾಗಿತ್ತು. ರಾಜ್ಯವನ್ನು ವಿತರಣಾ ವಲಯಗಳಾಗಿ ವಿಂಗಡಿಸಿ ಹಕ್ಕುಗಳನ್ನು ಮಾರಲಾಗುತ್ತಿತ್ತು. ಬೆಂಗಳೂರು, ಕೋಲಾರ, ತುಮಕೂರು ಪ್ರದೇಶವನ್ನು ಇಂದಿಗೂ ‘ಬಿಕೆಟಿ’ ಎಂದು ಕರೆಯಲಾಗುತ್ತದೆ. ಪ್ರತಿಗಳ ವೆಚ್ಚ ಹೆಚ್ಚಿದ್ದುದರಿಂದ ಅವುಗಳ ಸಂಖ್ಯೆ ಸೀಮಿತವಾಗಿರುತ್ತಿತ್ತು. ದೊಡ್ಡ ಊರುಗಳಲ್ಲಿ ಓಡಿದ ಪ್ರತಿಗಳೇ ವಾರಗಳ ನಂತರ ಸಣ್ಣ ಪಟ್ಟಣಗಳ ಚಿತ್ರಮಂದಿರಗಳಿಗೂ ಟೂರಿಂಗ್ ಟಾಕೀಸುಗಳಿಗೂ ಹೋಗುತ್ತಿದ್ದವು. ಗೀರು ಬಿದ್ದು ತುಂಡಾಗಿ ಅಂಟಿಸಿದ ಪ್ರತಿಗಳಲ್ಲಿ ಚಿತ್ರ ನೋಡುವುದು ಗ್ರಾಮೀಣ ಪ್ರೇಕ್ಷಕರ ಸಾಮಾನ್ಯ ಅನುಭವವಾಗಿತ್ತು. ಆದರೆ ಇದೇ ವ್ಯವಸ್ಥೆ ದೀರ್ಘ ಪ್ರದರ್ಶನಕ್ಕೂ ಅವಕಾಶ ನೀಡಿತ್ತು. ‘ಬಂಗಾರದ ಮನುಷ್ಯ’ (1972) ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು.

ತಾಂತ್ರಿಕ ಸ್ವರೂಪ

ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕನ್ನು ಸಂವೇದಕವು ವಿದ್ಯುತ್ ಸಂಕೇತಗಳಾಗಿ ಪರಿವರ್ತಿಸಿ ಕಡತದಲ್ಲಿ ದಾಖಲಿಸುತ್ತದೆ. ಚಿತ್ರೀಕರಿಸಿದ ದೃಶ್ಯವನ್ನು ಸ್ಥಳದಲ್ಲಿಯೇ ಮಾನಿಟರ್‌ನಲ್ಲಿ ಪರಿಶೀಲಿಸಬಹುದು. ಸಂಕಲನ, ವರ್ಣ ಹೊಂದಾಣಿಕೆ, ಧ್ವನಿ ಮಿಶ್ರಣ ಮತ್ತು ದೃಶ್ಯ ಪರಿಣಾಮಗಳ ಕೆಲಸ ಗಣಕಯಂತ್ರದಲ್ಲಿ ನಡೆಯುತ್ತದೆ.

ಚಿತ್ರಮಂದಿರಗಳಿಗೆ ಚಿತ್ರವನ್ನು ‘ಡಿಜಿಟಲ್ ಸಿನೆಮಾ ಪ್ಯಾಕೇಜ್’ (ಡಿಸಿಪಿ) ಎಂಬ ಕಡತಗಳ ಗುಚ್ಛವಾಗಿ ನೀಡಲಾಗುತ್ತದೆ. ಹಾಲಿವುಡ್‌ನ ಪ್ರಮುಖ ಸ್ಟುಡಿಯೊಗಳು 2002ರಲ್ಲಿ ರಚಿಸಿಕೊಂಡ ಕೂಟವೊಂದು 2005ರಲ್ಲಿ ಇದರ ಮಾನದಂಡಗಳನ್ನು ಪ್ರಕಟಿಸಿತು. ಇದರಂತೆ 2ಕೆ ಬಿಂಬದ ಗರಿಷ್ಠ ಗಾತ್ರ 2048×1080 ಬಿಂದುಗಳು, 4ಕೆ ಬಿಂಬದ್ದು 4096×2160 ಬಿಂದುಗಳು. ಗರಿಷ್ಠ ದತ್ತಾಂಶ ವೇಗವಾದ ಸೆಕೆಂಡಿಗೆ 250 ಮೆಗಾಬಿಟ್‌ನಲ್ಲಿ ಎರಡೂವರೆ ಗಂಟೆಯ ಚಿತ್ರದ ಬಿಂಬಗಳು ಸುಮಾರು 280 ಗಿಗಾಬೈಟ್ ಸ್ಥಳ ತೆಗೆದುಕೊಳ್ಳುತ್ತವೆ. ಕಡತಗಳು ಗೂಢಲಿಪಿಯಲ್ಲಿದ್ದು, ನಿಗದಿತ ಪ್ರೊಜೆಕ್ಟರಿಗೆ ನಿಗದಿತ ಅವಧಿಗೆ ಮಾತ್ರ ನೀಡಲಾಗುವ ಡಿಜಿಟಲ್ ಕೀಲಿಯಿಂದ ತೆರೆದುಕೊಳ್ಳುತ್ತವೆ.

ಭಾರತದಲ್ಲಿ ಯುಎಫ್ಒ ಮೂವೀಸ್ ಮತ್ತು ಕ್ಯೂಬ್ ಸಂಸ್ಥೆಗಳು ಡಿಜಿಟಲ್ ಪ್ರದರ್ಶನವನ್ನು ವ್ಯಾಪಕಗೊಳಿಸಿದವು. ಉಪಗ್ರಹದ ಮೂಲಕ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ ಚಿತ್ರವನ್ನು ಕಳುಹಿಸುವ ಈ ವ್ಯವಸ್ಥೆಯಿಂದಾಗಿ ಬೆಂಗಳೂರು ಮತ್ತು ತಾಲ್ಲೂಕು ಕೇಂದ್ರಗಳ ಚಿತ್ರಮಂದಿರಗಳಲ್ಲಿ ಒಂದೇ ದಿನ, ಒಂದೇ ಗುಣಮಟ್ಟದ ಪ್ರದರ್ಶನ ಸಾಧ್ಯವಾಯಿತು. ವಿದೇಶಗಳ ಕನ್ನಡಿಗರಿಗೂ ಬಿಡುಗಡೆಯ ವಾರದಲ್ಲಿಯೇ ಚಿತ್ರ ನೋಡುವ ಅವಕಾಶ ದೊರೆಯಿತು. ಪ್ರತಿಯಾಗಿ, ಈ ಸಂಸ್ಥೆಗಳು ನಿರ್ಮಾಪಕರಿಂದ ಶುಲ್ಕ ವಸೂಲಿ ಮಾಡುತ್ತವೆ. ಈ ಶುಲ್ಕವು ದುಬಾರಿಯೆಂದು ಆಕ್ಷೇಪಿಸಿ 2018ರ ಮಾರ್ಚ್ ತಿಂಗಳಿನಲ್ಲಿ ದಕ್ಷಿಣ ಭಾರತದ ನಿರ್ಮಾಪಕರು ಹೊಸ ಚಿತ್ರಗಳ ಬಿಡುಗಡೆಯನ್ನು ಕೆಲಕಾಲ ತಡೆಹಿಡಿದಿದ್ದರು.

ಯಶವಂತಪುರ ಮತ್ತು ಉತ್ತರ ಬೆಂಗಳೂರು

ಗಾಂಧಿನಗರವು ವ್ಯಾಪಾರದ ಕೇಂದ್ರವಾದರೆ, ಯಶವಂತಪುರದ ಸುತ್ತಲಿನ ಪ್ರದೇಶವು ಚಿತ್ರರಂಗದ ಸಾಂಸ್ಥಿಕ ನೆಲೆಗಳಲ್ಲಿ ಒಂದು. 1966ರಲ್ಲಿ ಸ್ಥಾಪನೆಯಾದ, ರಾಜ್ಯ ಸರ್ಕಾರದ ಒಡೆತನದಲ್ಲಿರುವ ಶ್ರೀ ಕಂಠೀರವ ಸ್ಟುಡಿಯೊ ಯಶವಂತಪುರ ಸಮೀಪದ ಗೊರಗುಂಟೆಪಾಳ್ಯದಲ್ಲಿದೆ. ಸೆಲ್ಯುಲಾಯ್ಡ್ ಕಾಲದಲ್ಲಿ ಒಳಾಂಗಣ ಚಿತ್ರೀಕರಣಕ್ಕೆಂದು ನಿರ್ಮಿತವಾದ ಈ ಸ್ಟುಡಿಯೊದ ಫ್ಲೋರ್‌ಗಳಲ್ಲಿ ನಂತರದ ದಿನಗಳಲ್ಲಿ ಕಿರುತೆರೆಯ ಕಾರ್ಯಕ್ರಮಗಳ ಚಿತ್ರೀಕರಣವೂ ನಡೆಯುತ್ತಿದೆ. 2006ರ ಏಪ್ರಿಲ್‌ನಲ್ಲಿ ನಿಧನರಾದ ಡಾ. ರಾಜ್‌ಕುಮಾರ್ ಅವರ ಅಂತ್ಯಕ್ರಿಯೆ ಇದೇ ಆವರಣದಲ್ಲಿ ನಡೆಯಿತು. ಪಾರ್ವತಮ್ಮ ರಾಜ್‌ಕುಮಾರ್ (2017), ಅಂಬರೀಷ್ (2018) ಮತ್ತು ಪುನೀತ್ ರಾಜ್‌ಕುಮಾರ್ (2021) ಅವರ ಅಂತ್ಯಕ್ರಿಯೆಗಳೂ ಇಲ್ಲಿಯೇ ನೆರವೇರಿದವು. ಇಂದು ಸ್ಟುಡಿಯೊಗೆ ಬರುವ ಜನರಲ್ಲಿ ಹೆಚ್ಚಿನವರು ಸಮಾಧಿಗಳ ದರ್ಶನಕ್ಕಾಗಿ ಬರುವವರು.

ಸ್ಟುಡಿಯೊಗೆ ಸಮೀಪದ ನಂದಿನಿ ಬಡಾವಣೆಯಲ್ಲಿ ಕರ್ನಾಟಕ ಚಲನಚಿತ್ರ ಅಕಾಡೆಮಿಯಿದೆ. ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಹಲವು ಆವೃತ್ತಿಗಳು ಡಾ. ರಾಜ್‌ಕುಮಾರ್ ರಸ್ತೆಯ ಒರಾಯನ್ ಮಾಲ್‌ನ 11 ಪರದೆಗಳ ಮಲ್ಟಿಪ್ಲೆಕ್ಸ್‌ನಲ್ಲಿ ನಡೆದಿವೆ. ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯು ಹೆಸರಘಟ್ಟದಲ್ಲಿದ್ದು, ಛಾಯಾಗ್ರಹಣ ಮತ್ತು ಶಬ್ದಗ್ರಹಣದಲ್ಲಿ ತರಬೇತಿ ನೀಡುತ್ತದೆ.

ಚಿತ್ರಮಂದಿರಗಳ ಮೇಲಿನ ಪರಿಣಾಮ

ಡಿಜಿಟಲ್ ಪ್ರದರ್ಶನದಿಂದ ಚಿತ್ರವೊಂದನ್ನು ನೂರಾರು ಪರದೆಗಳಲ್ಲಿ ಏಕಕಾಲಕ್ಕೆ ಬಿಡುಗಡೆ ಮಾಡುವುದು ಸುಲಭವಾಯಿತು. ಇದರಿಂದ ಗಳಿಕೆಯ ಅವಧಿ ಮೊದಲ ಒಂದೆರಡು ವಾರಗಳಿಗೆ ಕುಗ್ಗಿತು. ‘ಮುಂಗಾರು ಮಳೆ’ (2006) ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರದರ್ಶನ ಕಂಡಿತ್ತು. ನಂತರದ ವರ್ಷಗಳಲ್ಲಿ ಶತದಿನೋತ್ಸವಗಳೇ ಅಪರೂಪವಾದವು. ಬಾಯಿಮಾತಿನ ಪ್ರಚಾರದಿಂದ ನಿಧಾನವಾಗಿ ಪ್ರೇಕ್ಷಕರನ್ನು ಗಳಿಸಬೇಕಾದ ಸಣ್ಣ ಚಿತ್ರಗಳಿಗೆ ಈ ಬದಲಾವಣೆ ಪ್ರತಿಕೂಲವಾಗಿದೆ.

ಏಕಪರದೆ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚುತ್ತಿವೆ. ಗಾಂಧಿನಗರದಲ್ಲಿ 1968ರಲ್ಲಿ ಆರಂಭವಾದ ಕಪಾಲಿ ಚಿತ್ರಮಂದಿರ 2017ರಲ್ಲಿ ಪ್ರದರ್ಶನ ನಿಲ್ಲಿಸಿತು. ಸದಾಶಿವನಗರದ ಬಳಿ 1974ರಲ್ಲಿ ಆರಂಭವಾದ ಕಾವೇರಿ ಚಿತ್ರಮಂದಿರ ಐವತ್ತು ವರ್ಷ ಪೂರೈಸಿ 2024ರಲ್ಲಿ ಮುಚ್ಚಿತು. ನಗರದ ಜಮೀನಿನ ಬೆಲೆ, ಮಲ್ಟಿಪ್ಲೆಕ್ಸ್‌ಗಳ ಸ್ಪರ್ಧೆ, ಮನೆಯಲ್ಲಿಯೇ ಚಿತ್ರ ನೋಡುವ ಅಭ್ಯಾಸ ಮುಂತಾದವು ಇದರ ಕಾರಣಗಳು. ರೀಲು ಸುತ್ತುವ, ಒಂದು ಪ್ರೊಜೆಕ್ಟರಿನಿಂದ ಮತ್ತೊಂದಕ್ಕೆ ಹೊಂದಿಸುವ, ಕಾರ್ಬನ್ ಕಡ್ಡಿಯ ಬೆಳಕನ್ನು ಸರಿಪಡಿಸುವ ಕೌಶಲವನ್ನು ಜೀವನವಿಡೀ ಕಲಿತ ಆಪರೇಟರುಗಳ ವೃತ್ತಿಯು ಈ ಪರಿವರ್ತನೆಯಿಂದ ಬಹುತೇಕ ಇಲ್ಲವಾಯಿತು.

ಕಿರುತೆರೆ ಮತ್ತು ಬಾನುಲಿ

ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು. 1994ರಲ್ಲಿ ಉದಯ ಟಿವಿಯೊಂದಿಗೆ ಖಾಸಗಿ ಉಪಗ್ರಹ ವಾಹಿನಿಗಳ ಯುಗ ಕನ್ನಡಕ್ಕೆ ಬಂದಿತು. ಕೇಬಲ್ ಜಾಲವನ್ನು ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ರಾಷ್ಟ್ರೀಯ ಕಾರ್ಯಕ್ರಮದ ಎರಡನೆಯ ಹಂತದಲ್ಲಿ ಬೆಂಗಳೂರು ಮತ್ತು ಮೈಸೂರು ಸೇರಿದ್ದವು. ಇದಕ್ಕೆ 2013ರ ಮಾರ್ಚ್ 31 ಗಡುವಾಗಿತ್ತು. ಅಂದಿನಿಂದ ಕೇಬಲ್ ಸಂಪರ್ಕಕ್ಕೂ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ಈಗ ಪ್ರಮುಖ ವಾಹಿನಿಗಳ ಧಾರಾವಾಹಿಗಳು ಆಯಾ ಸಂಸ್ಥೆಯ ಆ್ಯಪ್‌ಗಳಲ್ಲಿಯೂ ಲಭ್ಯವಿವೆ.

ಭಾರತದ ಮೊದಲ ಖಾಸಗಿ ಎಫ್ಎಂ ಕೇಂದ್ರವಾದ ರೇಡಿಯೊ ಸಿಟಿ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಪ್ರಸಾರ ಆರಂಭಿಸಿತು. ಚಿತ್ರಗೀತೆಗಳ ಮಾರಾಟವು ಧ್ವನಿಸುರುಳಿ ಮತ್ತು ಸಿ.ಡಿ.ಗಳಿಂದ ಅಂತರಜಾಲಕ್ಕೆ ಸಾಗಿದೆ. ಯಕ್ಷಗಾನ ಪ್ರದರ್ಶನಗಳ ನೇರ ಪ್ರಸಾರ, ಪಾಡ್‌ಕಾಸ್ಟ್ ಮತ್ತು ಕೇಳುಪುಸ್ತಕಗಳು ಹೊಸ ಪ್ರಕಾರಗಳಾಗಿ ಬೆಳೆದಿವೆ.

ಒಟಿಟಿ ವೇದಿಕೆಗಳು

2016ರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೊ ಭಾರತದಲ್ಲಿ ಸೇವೆ ಆರಂಭಿಸಿದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ 4ಜಿ ಸೇವೆ ಆರಂಭವಾಗಿ ಮೊಬೈಲ್ ದತ್ತಾಂಶದ ಬೆಲೆ ಇಳಿಯಿತು. ಕೋವಿಡ್-19 ಸಾಂಕ್ರಾಮಿಕದ ಕಾರಣ 2020ರ ಮಾರ್ಚ್ ಮಧ್ಯಭಾಗದಲ್ಲಿ ರಾಜ್ಯದ ಚಿತ್ರಮಂದಿರಗಳು ಮುಚ್ಚಿದಾಗ ಕೆಲವು ಕನ್ನಡ ಚಿತ್ರಗಳು ನೇರವಾಗಿ ಅಂತರಜಾಲದಲ್ಲಿ ಬಿಡುಗಡೆಯಾದವು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ನಿರ್ಮಾಣದ ‘ಲಾ’ (17 ಜುಲೈ 2020) ಮತ್ತು ‘ಫ್ರೆಂಚ್ ಬಿರಿಯಾನಿ’ (24 ಜುಲೈ 2020) ಪ್ರೈಮ್ ವಿಡಿಯೊದಲ್ಲಿ ತೆರೆಕಂಡವು.

‘ಕೆಜಿಎಫ್: ಚಾಪ್ಟರ್ 1’ (2018) ಕನ್ನಡದ ಜೊತೆಗೆ ಇತರ ಭಾಷೆಗಳಲ್ಲಿಯೂ ಏಕಕಾಲಕ್ಕೆ ಬಿಡುಗಡೆಯಾಗಿ, ನಂತರ ಒಟಿಟಿಯ ಮೂಲಕ ಹೊರರಾಜ್ಯಗಳ ಪ್ರೇಕ್ಷಕರನ್ನು ಇನ್ನಷ್ಟು ಗಳಿಸಿತು. 2022ರ ಏಪ್ರಿಲ್ 14ರಂದು ಬಂದ ಎರಡನೆಯ ಭಾಗದ ಗಳಿಕೆ ಸಾವಿರ ಕೋಟಿ ರೂಪಾಯಿಗಳನ್ನು ದಾಟಿತು. ಆ ಚಿತ್ರದ ಸಂಕಲನಕಾರ ಕಲಬುರಗಿಯ ಉಜ್ವಲ್ ಕುಲಕರ್ಣಿ, ಅಭಿಮಾನಿಯಾಗಿ ತುಣುಕುಗಳನ್ನು ಜೋಡಿಸಿ ಯೂಟ್ಯೂಬಿಗೆ ಹಾಕುತ್ತಿದ್ದ ತರುಣರಾಗಿದ್ದರು. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಗಿ, ಎರಡು ವಾರಗಳ ನಂತರ ಡಬ್ಬಿಂಗ್ ಆವೃತ್ತಿಗಳಲ್ಲಿ ಬಂದಿತು. ಕೃತಿಸ್ವಾಮ್ಯದ ವ್ಯಾಜ್ಯದಿಂದಾಗಿ ಅದರ ಒಂದು ಗೀತೆ ಒಟಿಟಿ ಬಿಡುಗಡೆಯ ವೇಳೆ ಬೇರೆ ಧಾಟಿಯಲ್ಲಿತ್ತು. ಮೂಲ ಗೀತೆಯನ್ನು ನಂತರ ಮರಳಿ ಸೇರಿಸಲಾಯಿತು. ಬಿಡುಗಡೆಯಾದ ಕೃತಿಯೂ ಡಿಜಿಟಲ್ ಮಾಧ್ಯಮದಲ್ಲಿ ಬದಲಾಗಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಈ ಯಶಸ್ಸುಗಳ ನಡುವೆಯೂ ಕನ್ನಡದ ಮೂಲ ವೆಬ್ ಸರಣಿಗಳು ಕಡಿಮೆ. ಕರಾವಳಿಯ ಕಥೆಗಳನ್ನೊಳಗೊಂಡ, ಏಳು ಕಂತುಗಳ ‘ಏಕಂ’ ಸರಣಿಯನ್ನು ಕೊಳ್ಳಲು ಯಾವ ವೇದಿಕೆಯೂ ಮುಂದೆ ಬಾರದ ಕಾರಣ ನಿರ್ಮಾಪಕರು 2024ರ ಜುಲೈ 13ರಂದು ಅದನ್ನು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿದರು. ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೊಸ್ ಇದರ ಬೆಂಬಲಕ್ಕಿತ್ತು. 2025ರ ಏಪ್ರಿಲ್‌ನಲ್ಲಿ ಜೀ5 ವೇದಿಕೆಯು ‘ಅಯ್ಯನ ಮನೆ’ ಎಂಬ ಕನ್ನಡ ಸರಣಿಯನ್ನು ಪ್ರಸಾರ ಮಾಡಿತು.

ಜನನಿಧಿಯ ಚಿತ್ರಗಳು

ಅಂತರಜಾಲವು ಚಿತ್ರಕ್ಕೆ ಬಂಡವಾಳ ಕೂಡಿಸುವ ದಾರಿಯನ್ನೂ ಬದಲಿಸಿತು. ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ (2013) ಸಾರ್ವಜನಿಕರಿಂದ ಸುಮಾರು 50 ಲಕ್ಷ ರೂಪಾಯಿ ಸಂಗ್ರಹಿಸಿ ನಿರ್ಮಿಸಿದ ಚಿತ್ರ. ನಿರ್ಮಾಪಕರು ದೊರೆಯದೆ ನಿರ್ದೇಶಕರು ಅಂತರಜಾಲದಲ್ಲಿ ಮಾಡಿಕೊಂಡ ಮನವಿಗೆ ನೂರಕ್ಕೂ ಹೆಚ್ಚು ಮಂದಿ ಸ್ಪಂದಿಸಿದ್ದರು. ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಅದು ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಚಿತ್ರಕ್ಕೆ ತೇಜಸ್ವಿಯವರ ಓದುಗರೇ ಹಣ ಹೂಡಿದರು.

ಅಗಲಿದ ಕಲಾವಿದರ ಮರುಸೃಷ್ಟಿ

ಡಿಜಿಟಲ್ ತಂತ್ರಜ್ಞಾನದಿಂದ ನಿಧನರಾದ ನಟರ ರೂಪ ಮತ್ತು ಧ್ವನಿಯನ್ನು ತೆರೆಗೆ ತರುವ ಪ್ರಯೋಗಗಳು ಕನ್ನಡದಲ್ಲಿ ನಡೆದಿವೆ. 2009ರ ಡಿಸೆಂಬರ್ 30ರಂದು ನಿಧನರಾದ ವಿಷ್ಣುವರ್ಧನ್ ಅವರನ್ನು ‘ನಾಗರಹಾವು’ (2016) ಚಿತ್ರದಲ್ಲಿ ಗಣಕ ಗ್ರಾಫಿಕ್ಸ್ ಮೂಲಕ ಮರುಸೃಷ್ಟಿಸಲಾಯಿತು. ಪುನೀತ್ ರಾಜ್‌ಕುಮಾರ್ ನಿಧನರಾದಾಗ ‘ಜೇಮ್ಸ್’ ಚಿತ್ರಕ್ಕೆ ಅವರ ಡಬ್ಬಿಂಗ್ ಆಗಿರಲಿಲ್ಲ. 2022ರ ಮಾರ್ಚ್ 17ರಂದು ಚಿತ್ರವು ಅಣ್ಣ ಶಿವರಾಜ್‌ಕುಮಾರ್ ನೀಡಿದ ಧ್ವನಿಯೊಂದಿಗೆ ಬಿಡುಗಡೆಯಾಯಿತು. ಮರು ತಿಂಗಳು ಪುನೀತ್ ಅವರ ಧ್ವನಿಯನ್ನೇ ತಂತ್ರಜ್ಞಾನದಿಂದ ರೂಪಿಸಿ ಅಳವಡಿಸಿದ ಆವೃತ್ತಿ ಪ್ರದರ್ಶನಗೊಂಡಿತು. ಅಭಿಮಾನಿಗಳು ಇಂತಹ ಪ್ರಯತ್ನಗಳನ್ನು ಭಾವುಕವಾಗಿ ಸ್ವಾಗತಿಸಿದರೂ, ಕಲಾವಿದನ ಮರಣಾನಂತರ ಅವನ ರೂಪ ಹಾಗೂ ಧ್ವನಿಯ ಮೇಲೆ ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆಯನ್ನು ಇವು ಮುಂದಿಡುತ್ತವೆ.

2025ರಲ್ಲಿ ಬಂದ ‘ಲವ್ ಯೂ’ ಚಿತ್ರವನ್ನು ಸಂಪೂರ್ಣವಾಗಿ ಕೃತಕ ಬುದ್ಧಿಮತ್ತೆಯಿಂದ ರಚಿಸಲಾಗಿದೆ ಎಂದು ಅದರ ನಿರ್ಮಾಪಕರು ತಿಳಿಸಿದ್ದಾರೆ. ಉತ್ತರ ಬೆಂಗಳೂರಿನ ಸಿಡೇದಹಳ್ಳಿಯ ದೇವಾಲಯದ ಅರ್ಚಕರಾದ ನರಸಿಂಹಮೂರ್ತಿ ಇದರ ನಿರ್ದೇಶಕರು. 95 ನಿಮಿಷಗಳ ಈ ಚಿತ್ರಕ್ಕೆ ಸುಮಾರು 10 ಲಕ್ಷ ರೂಪಾಯಿ ವೆಚ್ಚವಾಗಿದೆ ಎಂದು ವರದಿಯಾಗಿದೆ.

ಹಳೆಯ ಚಿತ್ರಗಳ ಸಂರಕ್ಷಣೆ

ಫಿಲ್ಮ್ ನೆಗೆಟಿವ್‌ಗಳು ಶಾಖ ಮತ್ತು ತೇವಾಂಶದಿಂದ ಹಾಳಾಗುತ್ತವೆ. ಡಿಜಿಟಲ್ ತಂತ್ರಜ್ಞಾನದಲ್ಲಿ ಪ್ರತಿಯೊಂದು ಚೌಕಟ್ಟನ್ನೂ ಸ್ಕ್ಯಾನ್ ಮಾಡಿ ಗೀರು, ಕಲೆ ಮತ್ತು ಬಣ್ಣಗೆಡುವಿಕೆಯನ್ನು ಸರಿಪಡಿಸಬಹುದು. ‘ಸತ್ಯ ಹರಿಶ್ಚಂದ್ರ’ (1965) ವರ್ಣಕ್ಕೆ ಪರಿವರ್ತನೆಗೊಂಡು 2008ರಲ್ಲಿಯೂ, ‘ಕಸ್ತೂರಿ ನಿವಾಸ’ (1971) 2014ರಲ್ಲಿಯೂ ಮರುಬಿಡುಗಡೆಯಾದವು. ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಚ್ಚುವುದು ವಾಣಿಜ್ಯ ಉದ್ದೇಶದ ಮಾರ್ಪಾಡು. ಮೂಲ ಸ್ವರೂಪವನ್ನು ಮರಳಿ ಪಡೆಯುವ ಪುನರುಜ್ಜೀವನ ಅದಕ್ಕಿಂತ ಭಿನ್ನ. ಗಿರೀಶ್ ಕಾಸರವಳ್ಳಿ ನಿರ್ದೇಶನದ ‘ಘಟಶ್ರಾದ್ಧ’ (1977) ಈ ಎರಡನೆಯ ವಿಧಕ್ಕೆ ಸೇರಿದ್ದು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನೆಮಾ ಪ್ರಾಜೆಕ್ಟ್‌ಗಳ ಸಹಯೋಗದಲ್ಲಿ 4ಕೆಗೆ ಪುನರುಜ್ಜೀವನಗೊಂಡ ಈ ಚಿತ್ರ 2024ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು.

ಆದರೆ ಡಿಜಿಟಲ್ ಕಡತವೂ ಶಾಶ್ವತವಲ್ಲ. ಹಾರ್ಡ್ ಡಿಸ್ಕ್ ಕೆಡಬಹುದು. ಕಡತದ ನಮೂನೆಯನ್ನು ತೆರೆಯುವ ತಂತ್ರಾಂಶ ಬಳಕೆಯಿಂದ ಮರೆಯಾಗಬಹುದು. ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ನಕಲಿಸದಿದ್ದರೆ ಡಿಜಿಟಲ್ ಕಾಲದಲ್ಲಿಯೇ ತಯಾರಾದ ಚಿತ್ರಗಳೂ ನಷ್ಟವಾಗುವ ಅಪಾಯವಿದೆ. ಒಟಿಟಿಯಲ್ಲಿ ಮಾತ್ರ ಲಭ್ಯವಿರುವ ಚಿತ್ರವು ಪರವಾನಗಿ ಅವಧಿ ಮುಗಿದೊಡನೆ ಅಲ್ಲಿಂದ ಕಾಣೆಯಾಗಬಹುದು.

ಕಾನೂನು ಮತ್ತು ಸರ್ಕಾರದ ನೀತಿ

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳು ಒಟಿಟಿ ವೇದಿಕೆಗಳಿಗೆ ವಯೋಮಾನ ಆಧಾರಿತ ಸ್ವಯಂ ವರ್ಗೀಕರಣವನ್ನು ಕಡ್ಡಾಯಗೊಳಿಸಿದವು. ಚಲನಚಿತ್ರ (ತಿದ್ದುಪಡಿ) ಕಾಯಿದೆ, 2023ರ ಪ್ರಕಾರ ಚಿತ್ರಗಳ ಅಕ್ರಮ ನಕಲಿಗೆ ಮೂರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ಕನಿಷ್ಠ 3 ಲಕ್ಷ ರೂಪಾಯಿ ದಂಡ ವಿಧಿಸಬಹುದು.

ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗಾಗಿ 2024ರಲ್ಲಿ ಕರ್ನಾಟಕ ವಿಧಾನಮಂಡಲವು ಅಂಗೀಕರಿಸಿದ ಮಸೂದೆಯು ಟಿಕೆಟ್ ಮತ್ತು ಚಂದಾ ಶುಲ್ಕಗಳ ಮೇಲೆ ಶೇ. 1ರಿಂದ 2ರವರೆಗೆ ಉಪಕರ ವಿಧಿಸಲು ಅವಕಾಶ ನೀಡುತ್ತದೆ. 2025ರ ಮಾರ್ಚ್ 7ರಂದು ಮಂಡಿಸಿದ ರಾಜ್ಯ ಆಯವ್ಯಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಈ ಕೆಳಗಿನ ಘೋಷಣೆಗಳನ್ನು ಮಾಡಿದರು:

• ಕನ್ನಡ ಚಿತ್ರಗಳಿಗಾಗಿ ಒಟಿಟಿ ವೇದಿಕೆಯ ರಚನೆಗೆ ಕ್ರಮ
• ನಾಡಿನ ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಹಿನ್ನೆಲೆಯ ಕನ್ನಡ ಚಿತ್ರಗಳನ್ನು ಡಿಜಿಟಲ್ ಮತ್ತು ಇತರ ಸ್ವರೂಪಗಳಲ್ಲಿ ಸಂಗ್ರಹಿಸಲು 3 ಕೋಟಿ ರೂಪಾಯಿ
• ನಂದಿನಿ ಬಡಾವಣೆಯಲ್ಲಿ ಚಲನಚಿತ್ರ ಅಕಾಡೆಮಿಗೆ ಸೇರಿದ 2.5 ಎಕರೆ ಜಾಗದಲ್ಲಿ ಮಲ್ಟಿಪ್ಲೆಕ್ಸ್ ಸಂಕೀರ್ಣ
• ಎಲ್ಲ ಚಿತ್ರಮಂದಿರಗಳಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿಗಳ ಮಿತಿ

ಟಿಕೆಟ್ ದರ ಮಿತಿಯ ನಿಯಮವನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಲಾಯಿತು. ಮಲ್ಟಿಪ್ಲೆಕ್ಸ್‌ ಮಾಲೀಕರು ಇದನ್ನು ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟ್ ಅದೇ ತಿಂಗಳು ಮಧ್ಯಂತರ ತಡೆ ನೀಡಿತು.

ಚರ್ಚೆ

ಡಿಜಿಟಲ್ ತಂತ್ರಜ್ಞಾನವು ಚಿತ್ರ ನಿರ್ಮಾಣವನ್ನು ಅಗ್ಗಗೊಳಿಸಿದೆ. ಆದರೆ ಚಿತ್ರವನ್ನು ಜನರಿಗೆ ತಲುಪಿಸುವುದು ಅಗ್ಗವಾಗಿಲ್ಲ. ಹಿಂದೆ ಪ್ರತಿಗಳ ಕೊರತೆಯು ತಡೆಯಾಗಿದ್ದರೆ, ಈಗ ಪರದೆ, ಪ್ರದರ್ಶನದ ವೇಳೆ ಮತ್ತು ವೀಕ್ಷಕರ ಗಮನದ ಕೊರತೆ ತಡೆಯಾಗಿದೆ. ದೊಡ್ಡ ಚಿತ್ರವೊಂದು ಹೆಚ್ಚಿನ ಪರದೆಗಳನ್ನು ಆವರಿಸಿದ ವಾರದಲ್ಲಿ ಸಣ್ಣ ಚಿತ್ರಕ್ಕೆ ಬೆಳಗಿನ ಆಟವಷ್ಟೇ ಉಳಿಯುತ್ತದೆ. ಒಟಿಟಿ ಹಕ್ಕುಗಳು ಚಿತ್ರಮಂದಿರದ ಗಳಿಕೆಯನ್ನು ಅವಲಂಬಿಸಿದಾಗ ಅದೇ ಚಿತ್ರ ಎರಡನೆಯ ಅವಕಾಶವನ್ನೂ ಕಳೆದುಕೊಳ್ಳುತ್ತದೆ.

ಭಾಷೆಯ ದೃಷ್ಟಿಯಿಂದಲೂ ಪರಿಸ್ಥಿತಿ ಬದಲಾಗಿದೆ. ಕನ್ನಡದಲ್ಲಿ ದಶಕಗಳ ಕಾಲ ಜಾರಿಯಲ್ಲಿದ್ದ ಡಬ್ಬಿಂಗ್ ವಿರೋಧಿ ನಿರ್ಬಂಧವನ್ನು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಸ್ಪರ್ಧಾ ವಿರೋಧಿಯೆಂದು ಪರಿಗಣಿಸಿತು. 2017ರಲ್ಲಿ ತಮಿಳು ಚಿತ್ರವೊಂದರ ಡಬ್ಬಿಂಗ್ ಆವೃತ್ತಿ ‘ಸತ್ಯದೇವ್ ಐಪಿಎಸ್’ ತೆರೆಕಂಡಿತು. ಇಂದು ಒಟಿಟಿಯಲ್ಲಿ ಹಲವು ಭಾಷೆಗಳ ಚಿತ್ರಗಳು ಕನ್ನಡ ಧ್ವನಿಯಲ್ಲಿ ದೊರೆಯುತ್ತವೆ. ಇದು ಕನ್ನಡ ಪ್ರೇಕ್ಷಕರ ಹಕ್ಕೆಂದು ಒಂದು ಪಕ್ಷವೂ, ಮೂಲ ಕನ್ನಡ ಚಿತ್ರಗಳಿಗೂ ಸ್ಥಳೀಯ ಕಲಾವಿದರಿಗೂ ಹಾನಿಯೆಂದು ಇನ್ನೊಂದು ಪಕ್ಷವೂ ವಾದಿಸುತ್ತಿವೆ.

ಇವನ್ನೂ ನೋಡಿ

• ಕನ್ನಡ ಚಿತ್ರರಂಗ
• ಶ್ರೀ ಕಂಠೀರವ ಸ್ಟುಡಿಯೊ
• ಕರ್ನಾಟಕ ಚಲನಚಿತ್ರ ಅಕಾಡೆಮಿ
• ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ
• ಯಶವಂತಪುರ